ಅತ್ತೆಯ ಎಂಬತ್ತು, ಅಳಿಯನ ಅಡುಗೆ

ಐರ್ಲೆಂಡಿನಿಂದ ಊರಿಗೆ ಮರಳಿ ಒಂದು ಚಳಿಗಾಲವೇ ಕಳೆದುಹೋದರೂ ವೆಂಗ್ ಫಾಲಿನ್‌ಗೆ ಸ್ವಂತ ಮನೆಯ ಬಾಣಲೆ ಮುಟ್ಟುವ ಭಾಗ್ಯ ಒದಗಿರಲಿಲ್ಲ. ಕೇಳಿದವರು ನಗುತ್ತಾರೆ ಅಂತ ಅವನು ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಆ ಚಳಿದೇಶದ ಚೀನೀ ಪಾರ್ಸೆಲ್ ಅಂಗಡಿಯೊಂದರಲ್ಲಿ ಬಾಣಲೆ ಆಡಿಸಿ ಆಡಿಸಿಯೇ ಚೀನಾದ ತನ್ನೂರು ಗ್ವಾನ್‌ಟೌದಲ್ಲಿ, ಸಮುದ್ರದ ಗಾಳಿ ಬೀಸುವ ಕಡೆ, ಮೂರಂತಸ್ತಿನ ಮನೆ ಎಬ್ಬಿಸಿದ್ದ. ಅಡುಗೆಮನೆಯ ಗೋಡೆಯ ಟೈಲ್ಸು ಅವನ ಬೆವರು, ಒಲೆಯ ಮೇಲಿನ ಹೊಗೆ ಎಳೆಯುವ ಯಂತ್ರ ಅವನ ಬೆವರು, ಬಾಣಲೆಯಂತೂ ಅವನ ಅಪ್ಪಟ ಬೆವರು. ಆದರೆ ಅದರ ಹಿಡಿಯ ಮೇಲಿನ ಸಾರ್ವಭೌಮತ್ವ ಮಾತ್ರ ಹೆಂಡತಿ ಸೈಜಿನ್‌ಳದು. ಅವನು ಪರದೇಶದಲ್ಲಿದ್ದಷ್ಟು ಕಾಲ ಒಬ್ಬಳೇ ಮಗಳನ್ನು ಸಾಕಿ, ಓದಿಸಿ, ಮದುವೆ ಮಾಡಿ ಕಳಿಸಿದ್ದು ಅವಳು. ಆ ಸಾಮ್ರಾಜ್ಯದೊಳಗೆ ಈಗ ನಡುವಯಸ್ಸು ದಾಟಿದ ಗಂಡಸೊಬ್ಬ ಸೌಟು ಹಿಡಿದು ನುಗ್ಗಿದರೆ ಯಾವ ರಾಣಿ ತಾನೇ ಸುಮ್ಮನಿದ್ದಾಳು?

ತಪ್ಪೆಲ್ಲ ಅವಳದೇ ಅನ್ನುವಂತೆಯೂ ಇರಲಿಲ್ಲ. ಫಾಲಿನ್‌ನ ದೇಹ ಊರಿಗೆ ಬಂದಿತ್ತು, ಅದರೊಳಗಿನ ಗಡಿಬಿಡಿ ಇನ್ನೂ ಅಂಗಡಿಯಲ್ಲೇ ಇತ್ತು. ಕೂತು ಉಣ್ಣಲಾರ. ಬಟ್ಟಲು ಕೈಯಲ್ಲಿ, ಬೆನ್ನು ಗೋಡೆಗೆ, ಕಿವಿ ಬಾಗಿಲ ಕಡೆಗೆ. ಪಕ್ಕದ ಮನೆಯಲ್ಲಿ ಫೋನ್ ರಿಂಗಾದರೆ ಇವನು ಇಲ್ಲಿ ಎದ್ದು ನಿಲ್ಲುವನು. ಮಿಕ್ಕ ಅನ್ನವನ್ನೆಲ್ಲ ಪ್ಲಾಸ್ಟಿಕ್ ಡಬ್ಬಿಗಳಿಗೆ ತುಂಬಿ, ಮುಚ್ಚಳ ಒತ್ತಿ, ಮೇಜಿನ ಮೇಲೆ ಸಾಲಾಗಿ ಜೋಡಿಸುವನು. ಒಯ್ಯಲು ಯಾರೂ ಬರುವುದಿಲ್ಲ ಅಂತ ನೆನಪಾದ ಮೇಲೆ ಒಂದೊಂದಾಗಿ ಬಿಚ್ಚುವನು.

"ರೀ, ಒಂದು ಕಡೆ ಕೂತ್ಕೊಳ್ರೀ. ನೀವು ಹೀಗೆ ಗಾಣದ ಎತ್ತಿನ ಹಾಗೆ ಸುತ್ತುತಾ ಇದ್ರೆ ಸಾರಿಗೆ ಉಪ್ಪು ಹಾಕಿದ್ನೋ ಇಲ್ವೋ ಅಂತ ನನಗೇ ಮರೆತು ಹೋಗುತ್ತೆ."

"ನಾನೇನು ಮಾಡ್ದೆ ಈಗ? ಮುಚ್ಚಳ ತೆಗೆದು ನೋಡ್ದೆ, ಅಷ್ಟೇ ತಾನೆ?"

"ಮುಚ್ಚಳ ತೆಗೆದ್ರೆ ಹಬೆ ಹೋಗುತ್ತೆ. ಹಬೆ ಹೋದ್ರೆ ಮೀನು ಕೆಟ್ಟ ಹಾಗೇನೆ."

"ಒಂದ್ಸಲ ಸೌಟಲ್ಲಿ ತಿರುವಿ ಹಾಕಿದ್ರೆ..."

"ಹಬೇಲಿ ಬೇಯ್ತಿರೋ ಮೀನನ್ನ ಯಾರಾದ್ರೂ ತಿರುವ್ತಾರಾ? ಅಲ್ಲಿ ಹಾಗೇ ಮಾಡ್ತಿದ್ರಾ?"

ಈ ಪ್ರಶ್ನೆ ಬಂದಾಗಲೆಲ್ಲ ಫಾಲಿನ್ ಹೊರಗೆ ಹೋಗಿ ಸೈಕಲ್ ಒರೆಸುತ್ತಿದ್ದ. (ಆ ಸೈಕಲ್ಲನ್ನು ಯಾರೂ ಓಡಿಸುತ್ತಿರಲಿಲ್ಲ. ಆದರೂ ಇಡೀ ಬೀದಿಯಲ್ಲಿ ಅಷ್ಟು ಹೊಳೆಯುವ ಸೈಕಲ್ ಇನ್ನೊಂದಿರಲಿಲ್ಲ.)

ಸೈಜಿನ್‌ಳ ಊಟದ ಬಗ್ಗೆ ಮಾತ್ರ ಅವನು ಎರಡು ಮಾತಾಡುವ ಹಾಗಿರಲಿಲ್ಲ. ಅಲ್ಲಿದ್ದಾಗ ಅವನು ಹಂಬಲಿಸಿದ್ದೇ ಈ ಊಟಕ್ಕೆ. ಕಡಲ ಮರುವಾಯಿ ಚಿಪ್ಪುಗಳು ಬಾಯಿ ಬಿಟ್ಟವೋ ಇಲ್ಲವೋ ಅನ್ನುವಷ್ಟರಲ್ಲಿ ಇಳಿಸಿದ ತಿಳಿಸಾರು, ಅದರಲ್ಲಿ ಶುಂಠಿ ಬಿಟ್ಟರೆ ಇನ್ನೊಂದು ವಸ್ತು ಇಲ್ಲ. ತಲೆ, ಬಾಲ, ಕಣ್ಣು ಎಲ್ಲ ಇರುವ ಇಡೀ ಮೀನು. ಬೆಳ್ಳುಳ್ಳಿ ಹಾಕಿ ಬಾಡಿಸಿದ ಗೆಣಸಿನ ಸೊಪ್ಪು. ಬೆಳಗ್ಗೆ ಗಂಜಿ, ಉಪ್ಪಿನ ಸೊಪ್ಪು. ಬಂದ ಹೊಸತರಲ್ಲಿ ಅವನು ಇದನ್ನೆಲ್ಲ ಉಂಡು, ತಟ್ಟೆ ಮುಂದೆ ಕೂತೇ ಕಣ್ಣೊರೆಸಿಕೊಂಡದ್ದುಂಟು. ಹೊಟ್ಟೆಗೆ ಸುಖವಾಗಿತ್ತು. ಕೈಗೆ ಮಾತ್ರ ಕೆಲಸವಿರಲಿಲ್ಲ.

ಹೀಗೆ ಕೈ ಕಡಿಯುತ್ತ ಕೂತಿದ್ದವನಿಗೆ ಕೆಲಸ ಹಚ್ಚಿದವರು ಅವನ ಅತ್ತೆ.

ಅತ್ತೆ ಅಂದರೆ ಸಾಮಾನ್ಯ ಅತ್ತೆಯಲ್ಲ. ಮೀನು ಒಣಗಿಸುವ ಕಣದಲ್ಲಿ ನಲವತ್ತು ಹೆಂಗಸರನ್ನು ಕಣ್ಣಲ್ಲೇ ಆಳಿದ್ದವರು. ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದ ಈ ಬಡಕಲು ಹುಡುಗನಿಗೆ ಮಗಳನ್ನು ಕೊಡಲು ಆಕೆಗೆ ಸುತರಾಂ ಮನಸ್ಸಿರಲಿಲ್ಲ. ಕೊಟ್ಟ ಮೇಲೆ ಅವನು ಪರದೇಶಕ್ಕೆ ಹೋಗಿ ಅಡುಗೆಯವನಾದದ್ದು ಇನ್ನೊಂದು ಅವಮಾನ. "ಬಾಣಲೆ ಬಡಿಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ, ಇಲ್ಲಿ ಬಾಣಲೆ ಇರ್ಲಿಲ್ವಾ" ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ಅಮ್ಮನ ಬಾಯಿ ಮುಚ್ಚಿಸಲು ಸೈಜಿನ್ ಗಂಡನ ಪ್ರತಾಪವನ್ನು ಕೊಂಚ ಕೊಂಚವೇ ಹಿಗ್ಗಿಸುತ್ತ ಬಂದಿದ್ದಳು. ಮೊದಲು ಅಡುಗೆಯವ, ಆಮೇಲೆ ದೊಡ್ಡ ಅಡುಗೆಯವ, ಕೊನೆಗೆ ಐರ್ಲೆಂಡಿನ ಜನ ಮಳೆಯಲ್ಲಿ ಕೊಡೆ ಹಿಡಿದು ಸಾಲುಗಟ್ಟಿ ನಿಲ್ಲುವಂಥ ಪಾಕಶಾಸ್ತ್ರ ವಿಶಾರದ. (ಸಾಲುಗಟ್ಟಿ ನಿಲ್ಲುತ್ತಿದ್ದದ್ದು ನಿಜ. ಹೆಂಡದಂಗಡಿ ಮುಚ್ಚಿದ ಮೇಲೆ ಊರಲ್ಲಿ ತೆರೆದಿರುತ್ತಿದ್ದದ್ದು ಇದೊಂದೇ ಬಾಗಿಲು.)

ಅತ್ತೆಗೆ ಎಂಬತ್ತು ತುಂಬುವುದಿತ್ತು. ಅವರಿದ್ದದ್ದು ಮಗ ಜಿಂಗ್‌ಬೋನ ಮನೆಯಲ್ಲಿ. ಒಂದು ಭಾನುವಾರ ಎಲ್ಲರೂ ಅಲ್ಲಿ ಸೇರಿ ಹುಟ್ಟುಹಬ್ಬದ ಮಾತು ತೆಗೆದರು. ಜಿಂಗ್‌ಬೋ ಹೋಟೆಲಿನ ಹಾಲ್ ಹಿಡಿಯೋಣ ಅಂದ. ಅತ್ತೆ ಕಡಲೆಬೀಜ ಸುಲಿಯುತ್ತ, ಯಾರನ್ನೂ ನೋಡದೆ ಹೇಳಿದರು:

"ಹೋಟೆಲ್ ಯಾಕೆ? ನಮ್ಮ ಅಳಿಯಂದಿರು ಬಿಳಿಯರಿಗೆಲ್ಲ ಬೇಯಿಸಿ ಬಡಿಸಿ ಬಂದೋರು. ಅತ್ತೆಗೆ ಒಂದು ಹೊತ್ತು ಮಾಡಿ ಹಾಕೋಕೆ ಅವರಿಗೆ ಪುರುಸೊತ್ತು ಇದೆಯೋ ಇಲ್ವೋ, ನನಗೆ ಗೊತ್ತಿಲ್ಲ."

ಫಾಲಿನ್‌ನ ಬಾಯಿ ಅವನ ಬುದ್ಧಿಗಿಂತ ಯಾವತ್ತೂ ಒಂದು ಹೆಜ್ಜೆ ಮುಂದೆ. "ಅದಕ್ಕೇನಂತೆ ಅತ್ತೆ, ಎಲ್ಲಾ ನಾನೇ ಮಾಡ್ತೀನಿ. ನಮ್ಮ ಮನೆ ಅಡುಗೇನೇ, ನಮ್ಮೂರ ಪದ್ಧತೀಲೇ" ಅಂದುಬಿಟ್ಟ. ಸೈಜಿನ್ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅದು ತಲುಪುವಷ್ಟರಲ್ಲಿ ಮಾತು ಆಚೆ ಹೋಗಿಯಾಗಿತ್ತು.

ಮನೆಗೆ ನಡೆದುಕೊಂಡು ಬರುವಾಗ ದಾರಿಯಲ್ಲಿ ಅವಳು ವಿಚಾರಣೆ ಶುರು ಮಾಡಿದಳು.

"ನಿಜ ಹೇಳಿ. ಅಲ್ಲಿ ನೀವು ಏನೇನು ಮಾಡ್ತಿದ್ರಿ?"

"ಎಲ್ಲಾನೂ. ಪಟ್ಟೀಲಿ ನೂರಕ್ಕೆ ಮೇಲೆ ಇತ್ತು."

"ಒಂದೊಂದೇ ಹೇಳಿ, ಕೇಳೋಣ."

ಫಾಲಿನ್ ಹೆಜ್ಜೆ ಜೋರು ಮಾಡಿದ. "ಹೆಸರು ನೂರಿತ್ತು ಕಣೇ. ಮಾಡ್ತಿದ್ದದ್ದು ಮೂರು. ಕೆಂಪು, ಕಂದು, ಹಳದಿ."

"ಇದೇನು, ಗೋಡೆಗೆ ಬಳೀತಿದ್ರಾ?"

"ಗೊಜ್ಜು ಕಣೇ. ಕೆಂಪಂದ್ರೆ ಸಿಹಿ ಹುಳಿ. ಕಂದಂದ್ರೆ ಸೋಯಾ. ಕೋಳಿಗೂ ಅದೇ, ಹಂದಿಗೂ ಅದೇ, ಸೀಗಡಿಗೂ ಅದೇ. ಹಳದಿ ಅಂದ್ರೆ ಕರಿ." (ಬಣ್ಣ ಹಳದಿ, ಹೆಸರು ಕರಿ. ಪರದೇಶದಲ್ಲಿ ಹೀಗೆಲ್ಲ ನಡೆಯುತ್ತದೆ.)

"ಅದು ನಮ್ಮದೇ ಅಲ್ವಲ್ರೀ."

"ಅಲ್ಲ. ಅವರು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ. ಹುರಿದ ಅನ್ನ, ಅದರ ಪಕ್ಕ ಕರಿದ ಆಲೂಗಡ್ಡೆ, ಎರಡರ ಮೇಲೂ ಆ ಹಳದಿ. ಒಂದೇ ಡಬ್ಬೀಲಿ. ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಗಿರಾಕಿ."

ಸೈಜಿನ್ ನಿಂತುಬಿಟ್ಟಳು. "ಅನ್ನಕ್ಕೆ ಆಲೂಗಡ್ಡೆ ನೆಂಚ್ಕೊಂಡು ತಿಂತಾರಾ?"

"ನೆಂಚ್ಕೊಳ್ಳೋದಲ್ಲ, ಎರಡೂ ಊಟವೇ."

"ಮೀನು?"

"ತಲೆ ಇರೋ ಮೀನು ಅವರಿಗಾಗಲ್ಲ. ತಟ್ಟೇಲಿದ್ದು ತಮ್ಮನ್ನೇ ನೋಡ್ತಿದೆ ಅಂತಾರೆ. ಮೂಳೆಯೂ ಆಗಲ್ಲ. ಚರ್ಮವೂ ಆಗಲ್ಲ."

"ಮತ್ತೆ ನೀವೆಲ್ಲ ಏನು ತಿಂತಿದ್ರಿ?"

"ಅಂಗಡಿ ಹಿಂದುಗಡೆ ನಮ್ಮ ಊಟವೇ ಬೇರೆ. ಮಾಲೀಕನ ಹೆಂಡತಿ ಮಾಡಿ ಹಾಕೋಳು. ಗಂಜಿ, ಸೊಪ್ಪು, ಮೀನು, ಸಾರು. ಎಲ್ಲಾ ನಿನ್ನ ಅಡುಗೆ ಥರಾನೇ, ರುಚಿ ಮಾತ್ರ ನಿನ್ನದಲ್ಲ. ಅದನ್ನ ಮುಂದುಗಡೆ ಯಾರಿಗೂ ಕೊಡ್ತಿರ್ಲಿಲ್ಲ, ಕೇಳ್ತಾನೂ ಇರ್ಲಿಲ್ಲ."

"ಅಂದ್ರೆ ನಮ್ಮ ಅಡುಗೆ ಒಂದನ್ನೂ ನೀವು ಮಾಡಿಲ್ಲ."

"ಮಾಡೋದು ನೋಡಿದ್ದೀನಿ."

"ನಾನು ವಿಮಾನ ಹಾರೋದು ನೋಡಿದ್ದೀನಿ" ಅಂದಳು ಸೈಜಿನ್.

ಮಾರನೆಯ ದಿನದಿಂದ ಅವನಿಗೆ ಬಾಣಲೆ ಸಿಕ್ಕಿತು. ಪ್ರೀತಿಯಿಂದಲ್ಲ, ಮಾನದ ಪ್ರಶ್ನೆಯಿಂದ. ಸೈಜಿನ್ ಹೊಸ್ತಿಲ ಹತ್ತಿರ ಮೊಣಕಾಲೆತ್ತರದ ಸ್ಟೂಲ್ ಹಾಕಿಕೊಂಡು ಕೂತು ನಿರ್ದೇಶನ ಕೊಡುವಳು, ಅವನು ಮಾಡಬೇಕು.

ಮೊದಲ ದಿನ ಮರುವಾಯಿ ಸಾರು. ನೀರು ಕುದಿಯಿತು, ಶುಂಠಿ ಬಿತ್ತು, ಚಿಪ್ಪುಗಳು ಬಿದ್ದವು. "ಇನ್ನು ಬಾಯಿ ಬಿಡೋವರೆಗೆ ಸುಮ್ನೆ ನಿಂತ್ಕೊಳ್ಳಿ" ಅಂದಳು. ಫಾಲಿನ್‌ಗೆ ಬೆಂಕಿ ಹಾಯುವುದು ಗೊತ್ತಿತ್ತು, ಎರಡು ಕೈಯಲ್ಲಿ ಎರಡು ಬಾಣಲೆ ಎತ್ತುವುದು ಗೊತ್ತಿತ್ತು, ಸುಮ್ಮನೆ ನಿಲ್ಲುವುದೊಂದು ಗೊತ್ತಿರಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಸೌಟನ್ನು ಬಾಣಲೆಯ ಅಂಚಿಗೆ ಟಣ್ ಟಣ್ ಅನ್ನಿಸಿದ. ಆಮೇಲೆ ಅವನ ಬಲಗೈ, ಅವನನ್ನು ಒಂದು ಮಾತೂ ಕೇಳದೆ, ಕಪಾಟಿನಿಂದ ಕಾರ್ನ್‌ಫ್ಲೋರ್ ತೆಗೆದು, ನೀರಲ್ಲಿ ಕದಡಿ, ಗಳಗಳ ಸುರಿದುಬಿಟ್ಟಿತು. ಸೈಜಿನ್ ಸ್ಟೂಲಿನಿಂದ ಏಳುವಷ್ಟರಲ್ಲಿ ತಿಳಿಸಾರು ಅಂಟಾಗಿತ್ತು. ಚಿಪ್ಪುಗಳು ಬಾಯಿ ಬಿಡಲು ನೋಡಿ, ಅಂಟಿನೊಳಗೆ ಸಿಕ್ಕಿಕೊಂಡು, ಅರ್ಧಕ್ಕೇ ನಿಂತವು.

"ಇದನ್ನ ಕುಡಿಯೋದಾ, ಗೋಡೆಗೆ ಕಾಗದ ಅಂಟಿಸೋದಾ?"

"ಕೈ ತಾನಾಗೇ ಹೋಯ್ತು ಕಣೇ."

ಕಾರ್ನ್‌ಫ್ಲೋರ್ ಡಬ್ಬಿಯನ್ನು ಅವಳು ಬಟ್ಟೆ ಬೀರುವಿನಲ್ಲಿ ಬಚ್ಚಿಟ್ಟಳು. ಎರಡನೆಯ ದಿನ ಅವನ ಕೈ ಗೆಣಸಿನ ಹಿಟ್ಟನ್ನು ಹುಡುಕಿಕೊಂಡಿತು, ಗೆಣಸಿನ ಸೊಪ್ಪು ಹೊಸದಾಗಿ ವಾರ್ನಿಷ್ ಹೊಡೆದ ಕುರ್ಚಿಯಂತೆ ಮಿನುಗಿತು. ಮೀನನ್ನು ಹಬೆಗಿಟ್ಟು ಮುಚ್ಚಳ ತೆಗೆದು ನೋಡಿ, ಮುಚ್ಚಿ, ಮತ್ತೆ ತೆಗೆದು, ಆ ಮೀನು ಬೆಂದೂ ಬೇಯದೆ ಕೊನೆಗೆ ಚಪ್ಪಲಿಯಂತಾಯಿತು. ಅವನು ಮಾಡಿದ್ದನ್ನೆಲ್ಲ ಉಣ್ಣಬೇಕಾದವರು ಅವರಿಬ್ಬರೇ. ಸೈಜಿನ್ ಮೂಗು ಮುಚ್ಚಿ ಉಂಡಳು. ಪಕ್ಕದ ಮನೆಯ ಬೆಕ್ಕು ಒಂದೆರಡು ದಿನ ನೋಡಿ, ಆಮೇಲೆ ಆ ಗೇಟಿನ ಕಡೆ ಬರುವುದನ್ನೇ ಬಿಟ್ಟಿತು.

ಎಲ್ಲಕ್ಕಿಂತ ಘೋರವಾದದ್ದು ಹುಟ್ಟುಹಬ್ಬದ ಶಾವಿಗೆ. ಕೂದಲಿನಷ್ಟು ಸಣ್ಣ, ಮಾರುದ್ದದ ಶಾವಿಗೆ ಅದು. ಕೋಳಿಸಾರಿನಲ್ಲಿ ಬಾತುಕೋಳಿ ಮೊಟ್ಟೆಯ ಜೊತೆ ಬಡಿಸುತ್ತಾರೆ. ಎಳೆ ಎಷ್ಟು ಉದ್ದವೋ ಆಯುಸ್ಸು ಅಷ್ಟು ಉದ್ದ, ಹಾಗಾಗಿ ಎಳೆ ಮುರಿಯಬಾರದು. ಫಾಲಿನ್ ಶಾವಿಗೆಯನ್ನು ಕಂಡದ್ದೇ ತಡ ಬಾಣಲೆಗೆ ಎಸೆದು, ಮೂರು ಸಲ ಗಾಳಿಯಲ್ಲಿ ಹಾರಿಸಿ, ಸೌಟಿನಲ್ಲಿ ಕುಟ್ಟಿದ. ತಟ್ಟೆಗೆ ಬಂದದ್ದು ಬೆರಳುದ್ದದ ಚೂರುಗಳು.

ಸೈಜಿನ್ ಅದನ್ನು ನೋಡಿ ಎದೆ ಮುಟ್ಟಿಕೊಂಡಳು. "ಇದನ್ನ ಎಂಬತ್ತು ವರ್ಷದ ಮುದುಕಿ ಮುಂದೆ ಇಟ್ರೆ, ನೀನು ಬೇಗ ಹೋಗು ಅಂತ ಹೇಳಿದ ಹಾಗೆ ಕಣ್ರೀ."

"ನಾನು ಬೇಕು ಅಂತ ಮಾಡಿದ್ನಾ?"

"ಅಮ್ಮ ಬೇಕು ಅಂತಾನೇ ಮಾಡಿದ್ದು ಅಂತ ತಿಳ್ಕೋತಾರೆ. ಉಳಿದಿರೋ ಆಯುಸ್ಸೆಲ್ಲ ಅದನ್ನೇ ಹೇಳ್ತಾರೆ."

ಆವತ್ತು ಸಂಜೆ ಗಂಡ ಹೆಂಡತಿ ಕೂತು ಒಪ್ಪಂದಕ್ಕೆ ಬಂದರು. ಅಂದರೆ ಅವಳು ಕೂತಳು, ಅವನು ಕಿಟಕಿಯಿಂದ ಬಾಗಿಲಿಗೂ ಬಾಗಿಲಿಂದ ಕಿಟಕಿಗೂ ನಡೆದ. ಅಡುಗೆಯೆಲ್ಲ ಸೈಜಿನ್ ಮಾಡುವುದು. ಅವನು ಏಪ್ರನ್ ಕಟ್ಟಿಕೊಂಡು ಅಡುಗೆಮನೆಯಲ್ಲಿ ನಿಲ್ಲುವುದು. ಹೊರಗಿನವರಿಗೆ ಕೇಳುವ ಹಾಗೆ ಆಗಾಗ ಖಾಲಿ ಬಾಣಲೆಯ ಮೇಲೆ ಸೌಟು ಬಡಿಯುವುದು. ಹೆಸರು ಅವನದು, ಕೈ ಅವಳದು.

"ಇದು ನನಗೆ ಅವಮಾನ" ಅಂದ ಫಾಲಿನ್.

"ಶಾವಿಗೆ ಚೂರು ಬಡಿಸೋದು ಏನು, ಸನ್ಮಾನಾನಾ?" ಅಂದಳು ಸೈಜಿನ್.

ಹುಟ್ಟುಹಬ್ಬದ ದಿನ ಜಿಂಗ್‌ಬೋನ ಮನೆಯ ಮುಂದಿನ ಕೋಣೆಯಲ್ಲಿ ಎರಡು ದುಂಡು ಮೇಜು ಹಾಕಿ, ಕೆಂಪು ಬಟ್ಟೆ ಹಾಸಿ, ಪೀಚ್ ಹಣ್ಣಿನ ಆಕಾರದ ಬನ್ನುಗಳನ್ನು ಗೋಪುರದಂತೆ ಜೋಡಿಸಿದ್ದರು. ಅತ್ತೆ ಕೆಂಪು ರೇಷ್ಮೆ ಅಂಗಿ ತೊಟ್ಟು, ನ್ಯಾಯಾಧೀಶರಂತೆ ನಡುವೆ ಕೂತಿದ್ದರು. ಹಿಂದಿನ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಸೈಜಿನ್ ಎರಡು ಒಲೆ ಉರಿಸುತ್ತಿದ್ದಳು. ಫಾಲಿನ್ ಖಾಲಿ ಬಾಣಲೆ ಬಡಿಯುತ್ತಿದ್ದ.

"ಸ್ವಲ್ಪ ಮೆತ್ತಗೆ ಬಡೀರೀ, ಇದು ಅಡುಗೆಮನೆ, ಕುಲುಮೆ ಅಲ್ಲ."

"ಅಲ್ಲಿ ಹೀಗೇ ಸದ್ದು ಬರ್ತಿತ್ತು."

"ನಿಮ್ಮ ಸದ್ದಿಗೆ ನನ್ನ ಮೀನು ಬೆಚ್ಚಿಬೀಳ್ತಿದೆ. ಕೈ ಕಟ್ಕೊಂಡು ನಿಲ್ಲಿ."

ಅವನು ನಿಲ್ಲಲಿಲ್ಲ. ಒಂದೊಂದು ತಟ್ಟೆ ಸಿದ್ಧವಾದಾಗಲೂ ಬಾಗಿಲು ತೆರೆದು ತಾನೇ ಒಯ್ಯುತ್ತಿದ್ದ. ಮೀನಿನ ಉಂಡೆಯ ಸಾರು ಹೋಯಿತು. ಕೆಂಪಕ್ಕಿ ಮದ್ಯದ ಗಸಿಯಲ್ಲಿ ಬೇಯಿಸಿದ ಕೋಳಿ ಹೋಯಿತು. ಕಣ್ಣುಬಿಟ್ಟ ಮೀನು ಹೋಯಿತು. ಎಳೆ ಮುರಿಯದ ಶಾವಿಗೆ ಹೋಯಿತು. "ಬಿಳಿಯರು ಸುಮ್ಮನೆ ಸಾಲು ನಿಲ್ತಿರ್ಲಿಲ್ಲ ನೋಡಿ" ಅಂತ ಯಾರೋ ನೆಂಟರು ಅಂದದ್ದು ಕಿವಿಗೆ ಬಿತ್ತು. ಫಾಲಿನ್‌ಗೆ ಆ ಹೊಗಳಿಕೆ ಬೇರೆಯವರ ಅಂಗಿ ತೊಟ್ಟಂತೆ ಬಿಗಿಯಾಯಿತು. ಆದರೂ ನಗುತ್ತ ಬೆವರು ಒರೆಸಿಕೊಂಡ. (ಬೆವರು ಮಾತ್ರ ಅವನದೇ.)

ಮರುವಾಯಿ ಸಾರು ಇಟ್ಟು ಹಿಂದಿರುಗಬೇಕು, ಅಷ್ಟರಲ್ಲಿ ಅತ್ತೆ ಒಂದು ಚಮಚ ಬಾಯಿಗಿಟ್ಟು, ಚಮಚವನ್ನು ನಿಧಾನವಾಗಿ ಕೆಳಗಿಟ್ಟರು.

"ಅಳಿಯಂದಿರೇ, ಒಂದು ನಿಮಿಷ."

"ಹೇಳಿ ಅತ್ತೆ."

"ಶುಂಠೀನ ಹೆಚ್ಚದೆ ಜಜ್ಜಿ ಹಾಕೋದು ನಾನು ಸೈಜಿನ್‌ಗೆ ಹೇಳಿಕೊಟ್ಟದ್ದು. ಆಗ ಅವಳಿಗೆ ಒಲೆ ಎಟುಕ್ತಿರ್ಲಿಲ್ಲ. ಸಾರು ಚೆನ್ನಾಗಿದೆ. ಕೋಳೀನೂ ಅವಳದೇ, ಶಾವಿಗೇನೂ ಅವಳದೇ." ಅತ್ತೆ ಎರಡೂ ಮೇಜುಗಳಿಗೆ ಕೇಳುವ ಹಾಗೆ ಮುಂದುವರಿಸಿದರು. "ನಿಮ್ಮ ಅಡುಗೆ ಯಾವಾಗ ಬರುತ್ತೆ ಅಂತ ಕೇಳ್ತಿದ್ದೀನಿ."

ಊಟದ ಕಡ್ಡಿಗಳೆಲ್ಲ ಗಾಳಿಯಲ್ಲೇ ನಿಂತವು. ಜಿಂಗ್‌ಬೋ ತನ್ನ ಬಟ್ಟಲೊಳಗೆ ಏನೋ ಬಿದ್ದಿದೆ ಅನ್ನುವಂತೆ ಬಗ್ಗಿ ನೋಡತೊಡಗಿದ. "ಬರ್ತಿದೆ ಅತ್ತೆ, ಈಗ ಬರ್ತಿದೆ" ಅಂದು ಫಾಲಿನ್ ಅಡುಗೆಮನೆಗೆ ಓಡಿದ.

"ಸಿಕ್ಕಿಬಿದ್ವಾ?" ಕೇಳಿದಳು ಸೈಜಿನ್.

"ನೀನು ಶುಂಠಿ ಜಜ್ಜಿದ್ಯಂತೆ."

ಅವಳು ಹಣೆ ಚಚ್ಚಿಕೊಂಡಳು. ಅವನು ಆಗಲೇ ಜಿಂಗ್‌ಬೋನ ಫ್ರಿಜ್ಜಿನೊಳಗೆ ತಲೆ ಹಾಕಿದ್ದ. ಒಂದು ತುಂಡು ಹಂದಿ ಮಾಂಸ ಸಿಕ್ಕಿತು. ಮೊಮ್ಮಕ್ಕಳು ಬಂದಾಗ ಬೇಕಾಗುತ್ತದೆ ಅಂತ ಇಟ್ಟಿದ್ದ ಟೊಮೆಟೊ ಸಾಸಿನ ಬಾಟಲಿ ಸಿಕ್ಕಿತು. ವಿನೆಗರ್, ಸಕ್ಕರೆ. ಕಾರ್ನ್‌ಫ್ಲೋರ್ ಕಂಡಾಗ ಹಳೆಯ ಗೆಳೆಯ ಸಿಕ್ಕಂತೆ ಅವನ ಮುಖ ಅರಳಿತು.

"ರೀ, ಬೇಡ. ಹಿರಿಯರ ಮುಂದೆ ಆ ಕೆಂಪನ್ನ ಇಡ್ಬೇಡಿ. ತಪ್ಪಾಯ್ತು ಅಂತ ಕೇಳ್ಕೊಂಡ್ರೆ ಮುಗೀತು."

"ಸರಿ ಕಣೇ, ನೀನು ಸ್ವಲ್ಪ ಆ ಕಡೆ ನಿಂತ್ಕೋ."

ಮದುವೆಯಾದ ಮೇಲೆ ಅವನು ಅವಳಿಗೆ ಆ ಕಡೆ ನಿಲ್ಲು ಅಂದದ್ದು ಅದೇ ಮೊದಲು. ಆಶ್ಚರ್ಯಕ್ಕೇ ಸೈಜಿನ್ ಸರಿದು ನಿಂತಳು. ಮಾಂಸ ಪಟಪಟ ತುಂಡಾಯಿತು, ಹಿಟ್ಟಿನಲ್ಲಿ ಹೊರಳಿತು, ಎಣ್ಣೆಗೆ ಬಿತ್ತು. ಒಲೆಯ ಬೆಂಕಿ ಬಾಣಲೆಯ ಅಂಚು ಹತ್ತಿ ಇಣುಕಿತು. ಅವನು ಒಂದು ಕೈಯಲ್ಲಿ ಬಾಣಲೆ ಆಡಿಸುತ್ತ ಇನ್ನೊಂದರಲ್ಲಿ ಅಳತೆ ನೋಡದೆ ಸಕ್ಕರೆ, ಹುಳಿ, ಸಾಸು ಎಸೆದ. ಎಲ್ಲವೂ ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಊರಿಗೆ ಬಂದಾಗಿನಿಂದ ಒಂದು ಗಳಿಗೆಯೂ ನೆಲಕ್ಕೂರದ ಅವನ ಪಾದಗಳು ಈಗ ಗಟ್ಟಿಯಾಗಿ ಊರಿದ್ದವು. ಮುಖದಲ್ಲಿ ಆತುರವಿರಲಿಲ್ಲ. ಬಾಗಿಲ ಕಡೆ ಕಿವಿ ಇರಲಿಲ್ಲ. ಆ ಊರಿನ ಮಳೆಯಲ್ಲಿ ತನ್ನ ಗಂಡ ದಿನವೂ ಹೇಗಿದ್ದ ಅನ್ನುವುದನ್ನು ಸೈಜಿನ್ ಇಷ್ಟು ಹತ್ತಿರದಿಂದ ನೋಡುತ್ತಿದ್ದದ್ದು ಇದೇ ಮೊದಲು.

ತಟ್ಟೆ ಹೊರಗೆ ಹೋಯಿತು. ಸಂಜೆಯ ಸೂರ್ಯ ಎಣ್ಣೆಯಲ್ಲಿ ಬಿದ್ದು ಎದ್ದು ಬಂದಂತೆ ಕೆಂಪಗೆ ಹೊಳೆಯುತ್ತಿತ್ತು.

ಜಿಂಗ್‌ಬೋ ಒಂದು ತುಂಡು ಅಗಿದ. ಅಗಿಯುತ್ತಲೇ ಇದ್ದ. "ನಮ್ಮಲ್ಲಿ ಮಾಡೋ ಸಿಹಿ ಹುಳಿ ಲಿಚಿ ಮಾಂಸದ ನೆಂಟನ ಹಾಗಿದೆ ಭಾವ. ದೂರದ ನೆಂಟ. ಸಿಹಿ ಸ್ವಲ್ಪ ಮುಂದೆ ಬಂತೇನೋ."

ಅವನ ಹೆಂಡತಿ, ಅಂದರೆ ಆ ಮನೆಯ ಒಡತಿ, ನೇರವಾಗಿಯೇ ಕೇಳಿದಳು: "ಅಣ್ಣ, ಇದನ್ನ ಊಟಕ್ಕೆ ತಿನ್ನೋದಾ, ಊಟ ಆದ್ಮೇಲೆ ತಿನ್ನೋದಾ?"

ಎರಡನೆಯ ಮೇಜಿನಿಂದ ನಗು ಎದ್ದಿತು. ಒಬ್ಬರು ತುಂಡನ್ನು ನೀರಲ್ಲಿ ಅದ್ದಿ ನೋಡಿದರು. ಇನ್ನೊಬ್ಬರು ಒಳಗೆ ಇರುವುದು ಮಾಂಸವೋ ಮಿಠಾಯಿಯೋ ಅಂತ ಬಿಡಿಸಿ ನೋಡಿದರು. ಫಾಲಿನ್ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ನೆಲ ಬಾಯಿ ಬಿಟ್ಟರೆ ಒಳಗೆ ಇಳಿಯಲು ತಯಾರಿದ್ದ.

ಅತ್ತೆ ಒಂದು ತುಂಡು ತೆಗೆದುಕೊಂಡರು. ಕಟ್ಟಿಸಿದ ಹಲ್ಲಿನ ನಡುವೆ ಅದು ಕರಕ್ ಅಂದಿತು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಇದಕ್ಕೇನಾ ಅಷ್ಟು ದೂರ ಹೋಗಿದ್ದು" ಅಂದರು. ಮತ್ತೊಂದು ತುಂಡು ತೆಗೆದುಕೊಂಡರು. "ಹ್ಞೂಂ" ಅಂದರು. ಆಮೇಲೆ, ಎಲ್ಲರೂ ಬೇರೆ ಮಾತಿಗೆ ತಿರುಗಿಕೊಂಡಾಗ, ತಟ್ಟೆಯ ಅಂಚಿಗೆ ಒಂದು ಬೆರಳು ಹಚ್ಚಿ ತಮ್ಮ ಕಡೆಗೆ ಎಳೆದುಕೊಂಡರು.

ಸೊಸೆ ಅದನ್ನು ಕಂಡಳು. "ಅತ್ತೆ, ಸಾಕು. ಡಾಕ್ಟರು ಎಣ್ಣೆ ಬೇಡ, ಉಪ್ಪು ಬೇಡ, ಸಕ್ಕರೆಯಂತೂ ಬೇಡವೇ ಬೇಡ ಅಂದಿದ್ದಾರೆ."

"ಆ ಡಾಕ್ಟರಿಗೆ ವಯಸ್ಸೆಷ್ಟು?"

"ನಲವತ್ತು ಇರ್ಬಹುದು."

"ಎಂಬತ್ತಾದ್ಮೇಲೆ ಬಂದು ಹೇಳೋಕೆ ಹೇಳು" ಅಂದರು ಅತ್ತೆ. "ಎರಡು ವರ್ಷದಿಂದ ನನ್ನ ನಾಲಗೆಗೆ ಏನೂ ತಾಗ್ತಿಲ್ಲ. ನೀನು ಬೇಯಿಸಿ ಹಾಕೋದೂ ಬಿಸಿನೀರೇ, ಕುಡಿಯೋಕೆ ಕೊಡೋದೂ ಬಿಸಿನೀರೇ. ಇದು ತಾಗ್ತಿದೆ."

ಊಟ ಮುಗಿದಾಗ ಆ ತಟ್ಟೆಯಲ್ಲಿ ಉಳಿದಿದ್ದದ್ದು ಕೆಂಪು ಬಣ್ಣವೊಂದೇ. ಅತ್ತೆ ಬನ್ನಿನ ತುಂಡಿನಲ್ಲಿ ಅದನ್ನೂ ಒರೆಸಿದರು.

ಮನೆಗೆ ಮರಳುವಾಗ ಫಾಲಿನ್ ನಡೆಯುತ್ತಿರಲಿಲ್ಲ, ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ತೇಲುತ್ತಿದ್ದ. ಮೂವತ್ತು ವರ್ಷ ಬಗ್ಗದ ಅತ್ತೆಯನ್ನು ಒಂದು ತಟ್ಟೆಯಿಂದ ಬಗ್ಗಿಸಿದ್ದ. "ನೋಡಿದ್ಯಾ" ಅಂದ ಒಂದು ಸಲ. "ನೋಡ್ದೆ" ಅಂದಳು ಸೈಜಿನ್. ಸ್ವಲ್ಪ ದೂರ ಹೋದ ಮೇಲೆ ಮತ್ತೆ "ನೋಡಿದ್ಯಾ" ಅಂದ. ತಾಯಿಯನ್ನು ಅವಳು ಬಲ್ಲಳು.

ಮೂರನೆಯ ದಿನ ಗೇಟಿನ ಮುಂದೆ ಜಿಂಗ್‌ಬೋನ ಕಾರು ನಿಂತಿತು. ಮೊದಲು ಊರುಗೋಲು ಇಳಿಯಿತು, ಆಮೇಲೆ ಅತ್ತೆ, ಆಮೇಲೆ ಅತ್ತೆಯ ದಿಂಬು, ಹೊದಿಕೆ, ಟ್ರಂಕು, ಮಾಜಾಂಗ್ ಆಟದ ಪೆಟ್ಟಿಗೆ. ಜಿಂಗ್‌ಬೋ ಕಾರಿನಿಂದ ಇಳಿಯಲೇ ಇಲ್ಲ. ಬಿಡುಗಡೆಯಾದ ಕೈದಿಯ ಮುಖ ಮಾಡಿಕೊಂಡು, ಕೈಬೀಸಿ ಹೊರಟುಹೋದ.

"ಸ್ವಲ್ಪ ದಿನ ಮಗಳ ಮನೇಲಿ ಇರೋಣ ಅಂತ ಬಂದೆ" ಅಂದರು ಅತ್ತೆ. ಟ್ರಂಕಿನ ಗಾತ್ರ ನೋಡಿದರೆ ಸ್ವಲ್ಪ ದಿನ ಅನ್ನುವುದು ಅವರ ಲೆಕ್ಕದಲ್ಲಿ ಬಹಳ ಉದಾರವಾಗಿತ್ತು.

ಮೊದಲ ದಿನ ಸೈಜಿನ್ ತಾಯಿಗಾಗಿ ಇಡೀ ಮೀನು ಬೇಯಿಸಿದಳು, ಸಾರು ಮಾಡಿದಳು. ಅತ್ತೆ ಒಂದು ಚಮಚ ಕುಡಿದು, ಬಟ್ಟಲನ್ನು ಮುಂದೆ ತಳ್ಳಿ, ಮಗಳನ್ನು ದಾಟಿ ಅಳಿಯನ ಕಡೆ ನೋಡಿದರು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಸೈಜಿನ್ ಏಪ್ರನ್ ಬಿಚ್ಚಿ ಗಂಡನ ಹೆಗಲ ಮೇಲೆ ಹಾಕಿದಳು.

"ಅಮ್ಮನಿಗೆ ಬೇಕಾದ್ದು ನಿಮ್ಮ ಕೈಯದ್ದು. ನಾನು ಒಂದು ಮನೇಲಿ ಎರಡು ಅಡುಗೆ ಮಾಡೋಳಲ್ಲ."

"ಮತ್ತೆ ನೀನೇನು ಉಣ್ತೀಯ?"

"ಅದನ್ನ ನಾನು ನೋಡ್ಕೋತೀನಿ."

ಅವಳು ನೋಡಿಕೊಂಡದ್ದು ಹೀಗೆ. ಅತ್ತೆ ಇಲ್ಲಿಗೆ ಬಂದ ಮೇಲೆ ಜಿಂಗ್‌ಬೋನ ಮನೆಯಲ್ಲಿ ಒಂದು ಕುರ್ಚಿ ಖಾಲಿಯಿತ್ತು, ಬೇಕಾದಷ್ಟು ಶಾಂತಿಯಿತ್ತು. ಸೈಜಿನ್ ದಿನವೂ ಮಧ್ಯಾಹ್ನ ಅಲ್ಲಿಗೆ ಹೋಗಿ, ನಾದಿನಿಯ ಜೊತೆ ಸೇರಿ ತನಗೆ ಬೇಕಾದ್ದು ಬೇಯಿಸಿಕೊಂಡು, ಇಬ್ಬರೂ ಸಾವಕಾಶವಾಗಿ ಕೂತು ಉಂಡು ಬರತೊಡಗಿದಳು.

ಫಾಲಿನ್ ಇಲ್ಲಿ ಕೆಂಪನ್ನು ಮಾಡಿದ. ಬದಲಾವಣೆಗೆ ಕಂದನ್ನು ಮಾಡಿದ. ಅತ್ತೆ ಐರ್ಲೆಂಡಿನವರಷ್ಟು ಒಳ್ಳೆಯ ಗಿರಾಕಿಯಲ್ಲ. ಆ ಜನ ಕುಡಿದ ಅಮಲಿನಲ್ಲಿ ಕೊಟ್ಟದ್ದನ್ನು ತಿಂದು ಹೋಗುತ್ತಿದ್ದರು. ಈಕೆಯದು ಪೂರ್ತಿ ಎಚ್ಚರ. "ನಿನ್ನೆಯದು ಇದಕ್ಕಿಂತ ಗರಿಗರಿ ಇತ್ತು, ಅಳಿಯಂದಿರೇ" ಅಂತ ತಟ್ಟೆ ವಾಪಸ್ ಬರುತ್ತಿತ್ತು. ರಜೆ ಅನ್ನುವುದಿಲ್ಲ, ಭಾನುವಾರ ಅನ್ನುವುದಿಲ್ಲ. ಮಾಡಿದ್ದನ್ನೇ ಅವನೂ ತಿನ್ನಬೇಕು. ಸಿಹಿ ಹುಳಿಯ ವಾಸನೆ ಅಂಗಿಗೆ, ಕೂದಲಿಗೆ, ದಿಂಬಿಗೆ ಹತ್ತಿತು. ಇಷ್ಟು ವರ್ಷ ಅದನ್ನು ಮಾಡಿದವನೇ ಹೊರತು ಒಂದು ಹೊತ್ತೂ ಉಂಡವನಲ್ಲ. ಈಗ ಎರಡು ಹೊತ್ತೂ ಅದೇ.

ಹಾಗಿರುವಾಗ ಒಂದು ಮಧ್ಯಾಹ್ನ ಅತ್ತೆಯ ಹಳೆಯ ಗೆಳತಿಯರು ಮಾಜಾಂಗ್ ಆಡಲು ಬಂದರು. ಮೀನಿನ ಕಣದ ಕಾಲದವರು, ಎಲ್ಲರ ಮನೆಯಲ್ಲೂ ಸೊಸೆಯಂದಿರು, ಎಲ್ಲರಿಗೂ ಎಣ್ಣೆ ಸಕ್ಕರೆ ಬೇಡ ಅನ್ನುವ ಡಾಕ್ಟರು. ಅಡುಗೆಮನೆಯಲ್ಲಿ ಫಾಲಿನ್ ಎಣ್ಣೆ ಕಾಯಿಸುತ್ತಿದ್ದ. ಅಷ್ಟರಲ್ಲಿ ಸೈಜಿನ್ ತಮ್ಮನ ಮನೆಯಿಂದ ಮರಳಿ, ಕೊಡೆ ಮಡಿಸಿ, ತೃಪ್ತಿಯಾಗಿ ಒಂದು ನಿಟ್ಟುಸಿರು ಬಿಟ್ಟಳು. ಅವಳು ಕತ್ತಿಗೆ ಸುತ್ತಿದ್ದ ಬಟ್ಟೆಯಿಂದ ಶುಂಠಿಯ ಪರಿಮಳ ಬಂತು.

"ಏನಿತ್ತು ಇವತ್ತು?" ಅವನು ಕೇಳಿದ, ಕೇಳಬಾರದು ಅಂತ ಗೊತ್ತಿದ್ದರೂ.

"ಮರುವಾಯಿ. ಬೆಳಗ್ಗೆ ತಾನೇ ಬಂದದ್ದು. ಬಾಯಿ ಬಿಟ್ಟ ತಕ್ಷಣ ಇಳಿಸಿದ್ವಿ. ಶುಂಠಿ ಬಿಟ್ರೆ ಬೇರೇನೂ ಹಾಕ್ಲಿಲ್ಲ."

ಫಾಲಿನ್ ಉಗುಳು ನುಂಗಿದ. "ಒಂದು ಸ್ವಲ್ಪ ತಂದ್ಯಾ?"

"ಆರಿದ್ರೆ ಅದು ಚೆನ್ನಾಗಿರಲ್ಲ ಅಲ್ವಾ, ಹಾಗಾಗಿ ಎಲ್ಲಾ ಅಲ್ಲೇ ಮುಗಿಸಿದ್ವಿ" ಅಂದು ಅವಳು ಮಲಗಲು ಮಹಡಿ ಹತ್ತಿದಳು.

ಮುಂದಿನ ಕೋಣೆಯಲ್ಲಿ ಬಾಗಿಲು ಕಿರ್ ಅಂತು, ಊರುಗೋಲುಗಳ ಸದ್ದಾಯಿತು, ಕುರ್ಚಿ ಎಳೆದುಕೊಳ್ಳುವ ಸದ್ದಾಯಿತು. ಆಮೇಲೆ ಅತ್ತೆಯ ದನಿ, ಕಣದಲ್ಲಿ ಹೆಂಗಸರನ್ನು ಆಳುತ್ತಿದ್ದ ಕಾಲದಷ್ಟೇ ಗಟ್ಟಿಯಾಗಿ, ಒಳಗೆ ಬಂತು.

"ಅಳಿಯಂದಿರೇ, ಇನ್ನೂ ಇಬ್ಬರು ಬಂದಿದ್ದಾರೆ."